‘ಟಾರ್ಚರ್’ ಅಂದರೆ ಎಷ್ಟು ಸಿಟ್ಟು? ರೇಗಿಸುವ ಸಂಗತಿಗಳಿಗೆ ಇಂಗ್ಲಿಷ್ ಇಟ್ಟ ಹೆಸರುಗಳು

ನರಸಾಪುರ, ವೇಮಗಲ್, ಮಾಲೂರಿನ ಕೈಗಾರಿಕಾ ಪ್ರದೇಶಗಳು ಬೆಳೆದಂತೆ ಕೋಲಾರ ಜಿಲ್ಲೆಯ ಎಷ್ಟೋ ಹುಡುಗ ಹುಡುಗಿಯರಿಗೆ ಹೊಸದೊಂದು ಕೆಲಸ ಅಂಟಿಕೊಂಡಿದೆ: ದೂರನ್ನು ಇಂಗ್ಲಿಷಿನಲ್ಲಿ ಬರೆಯುವುದು. ಶಿಫ್ಟಿನ ಬಸ್ಸು ತಡವಾದರೆ ಎಚ್‌ಆರ್‌ಗೆ ಮೇಲ್, ಪಿಜಿಯಲ್ಲಿ ನೀರು ಬರದಿದ್ದರೆ ಓನರ್‌ಗೆ ಮೆಸೇಜು, ಖಾತೆಯಿಂದ ದುಡ್ಡು ಕಡಿತವಾದರೆ ಬ್ಯಾಂಕಿನ ಆ್ಯಪ್‌ನಲ್ಲಿ ನಾಲ್ಕು ಸಾಲು. ಕನ್ನಡ ಮಾಧ್ಯಮದಲ್ಲಿ ಓದಿ, ಐಟಿಐ ಅಥವಾ ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದವರು ಸಾಮಾನ್ಯವಾಗಿ ಹೆದರುವುದು ವ್ಯಾಕರಣಕ್ಕೆ. ಆದರೆ ಪೆಟ್ಟು ಬೀಳುವುದು ಬೇರೆ ಕಡೆ. ಕಿರಿಕಿರಿಯಾಗಿದೆ ಎಂದು ಹೇಳಲು ಹೋಗಿ ಕ್ರಿಮಿನಲ್ ಅಪರಾಧದ ಹೆಸರು ಬರೆದುಬಿಡುತ್ತಾರೆ. ಇಲ್ಲವೇ ನಿಜಕ್ಕೂ ಗಂಭೀರವಾದ ಅನ್ಯಾಯಕ್ಕೆ ಸೊಳ್ಳೆ ಕಡಿತದ ಪದ ಬಳಸಿ, ಓದುವವರು ಪಕ್ಕಕ್ಕಿಡುವಂತೆ ಮಾಡಿಕೊಳ್ಳುತ್ತಾರೆ.

ಇದರ ಜತೆಗೆ 2025ರ ಡಿಸೆಂಬರ್‌ನಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ ‘ರೇಜ್ ಬೇಟ್’ (ನೋಡುವವರಿಗೆ ಸಿಟ್ಟು ಬರಿಸಲೆಂದೇ ಹಾಕುವ ಆನ್‌ಲೈನ್ ಸರಕು) ಎಂಬುದನ್ನು ವರ್ಷದ ಪದವೆಂದು ಸಾರಿತು. ಅಂದಿನಿಂದ ರೀಲ್ಸ್‌ಗಳ ಕೆಳಗೆ ಈ ಮಾತು ಆಗಾಗ ಕಣ್ಣಿಗೆ ಬೀಳುತ್ತದೆ. ಸಿಟ್ಟು ಬರಿಸುವ ಸಂಗತಿಗಳಿಗೆ ಇಂಗ್ಲಿಷ್ ಯಾಕೆ ಇಷ್ಟೊಂದು ಹೆಸರು ಇಟ್ಟುಕೊಂಡಿದೆ, ಒಂದೊಂದರ ತೂಕ ಎಷ್ಟು ಎಂದು ಬುಡದಿಂದ ನೋಡೋಣ.

ನಮ್ಮ ಬಾಯಲ್ಲಿ ಆಗಲೇ ಇರುವ ಇಂಗ್ಲಿಷ್

ಕೋಲಾರದ ಮನೆಮಾತಿನಲ್ಲಿ ಇಂಗ್ಲಿಷಿನ ಸಿಟ್ಟು ಯಾವತ್ತೋ ಒಳಗೆ ಬಂದು ಕೂತಿದೆ. ‘ಯಾಕಪ್ಪಾ ಸುಮ್ನೆ ಟಾರ್ಚರ್ ಕೊಡ್ತೀಯ’, ‘ಮೇಡಂ ಸೀರಿಯಸ್ ಆಗ್ಬಿಟ್ರು’, ‘ನಾನು ರಾಂಗ್ ಆದ್ರೆ ಸರಿ ಇರಲ್ಲ’, ‘ಎದುರು ಮನೆಯವರದ್ದು ದೊಡ್ಡ ನ್ಯೂಸೆನ್ಸು’. ಇದನ್ನೆಲ್ಲ ಹೇಳುವ ಅಜ್ಜಿಗೆ ಇಂಗ್ಲಿಷ್ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಅವು ಈಗ ಕನ್ನಡದ ಮಾತುಗಳೇ.

ತೊಡಕು ಏಳುವುದು ಅದೇ ಪದವನ್ನು ಇಂಗ್ಲಿಷ್ ವಾಕ್ಯಕ್ಕೆ ಮರಳಿ ಕಳುಹಿಸಿದಾಗ. ಕನ್ನಡದಲ್ಲಿ ‘ಟಾರ್ಚರ್’ ಅಂದರೆ ಕಾಟ; ಮೊಮ್ಮಗ ಊಟ ಮಾಡದೆ ಹಟ ಹಿಡಿದರೂ ಅದು ಟಾರ್ಚರ್. ಇಂಗ್ಲಿಷಿನಲ್ಲಿ ಅದು ಚಿತ್ರಹಿಂಸೆ, ಲಾಕಪ್ಪಿನಲ್ಲಿ ನಡೆದರೆ ಮಾನವ ಹಕ್ಕು ಆಯೋಗದವರೆಗೂ ಹೋಗುವ ಸಂಗತಿ. ‘ಸೀರಿಯಸ್ ಆದರು’ ಎಂದರೆ ನಮಗೆ ಸಿಟ್ಟಾದರು. ಇಂಗ್ಲಿಷಿನಲ್ಲಿ ಗಂಭೀರವಾದರು ಅಷ್ಟೆ, ಮುಖದಲ್ಲಿ ಸಿಟ್ಟಿನ ಸುಳಿವೂ ಇರಬೇಕಿಲ್ಲ. ‘ರಾಂಗ್’ಗಂತೂ ಅಲ್ಲಿ ಸಿಟ್ಟಿನ ಅರ್ಥವೇ ಇಲ್ಲ. ‘ಟೆನ್ಷನ್’ ನಮ್ಮಲ್ಲಿ ಚಿಂತೆ, ಸಿಟ್ಟು, ಅವಸರ ಮೂರಕ್ಕೂ ಸಲ್ಲುತ್ತದೆ; ಇಂಗ್ಲಿಷಿನಲ್ಲಿ ಅದು ಬಿಗುವು.

ರೇಗಿದವರು ಯಾರು, ರೇಗಿಸಿದ್ದು ಯಾವುದು

ಅತಿ ಹೆಚ್ಚು ಜನ ಎಡವುವ ಜಾಗ ಇದು, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲಬೇಕು.

ಕನ್ನಡದಲ್ಲಿ ರೇಗು, ಕೆರಳು ಎಂಬ ಕ್ರಿಯಾಪದಗಳು ಸಿಟ್ಟಾದವರ ಒಳಗೆ ನಡೆಯುವುದನ್ನು ಹೇಳುತ್ತವೆ. ಇನ್ನೊಬ್ಬರು ಹಾಗೆ ಮಾಡಿಸಿದರೆ ‘ಇಸು’ ಸೇರಿಸುತ್ತೇವೆ: ರೇಗಿಸು, ಕೆರಳಿಸು. ಅಂದರೆ ಮೂಲ ಪದ ಸಿಟ್ಟಾದವರ ಕಡೆಗಿದೆ. ಇಂಗ್ಲಿಷಿನ ಹೆಚ್ಚಿನ ಪದಗಳು ಇದಕ್ಕೆ ತಿರುಗುಮುರುಗು. ಅನಾಯ್, ಇರಿಟೇಟ್, ವೆಕ್ಸ್, ಇನ್‌ಫ್ಯೂರಿಯೇಟ್ ಎಲ್ಲವೂ ಮೂಲದಲ್ಲೇ ‘ರೇಗಿಸು’. ಅಲ್ಲಿ ಬಾಲ ಅಂಟಿಸಬೇಕಾದದ್ದು ರೇಗಿದವರಿಗೆ: ಅನಾಯ್ಡ್, ಇರಿಟೇಟೆಡ್. ರೇಗಿಸಿದ ಸಂಗತಿಗೆ ‘ಇಂಗ್’ ಬಾಲ: ಅನಾಯಿಂಗ್, ಇರಿಟೇಟಿಂಗ್.

ಹೀಗಾಗಿ ‘ಐ ಆಮ್ ವೆರಿ ಇರಿಟೇಟಿಂಗ್’ ಎಂದು ಮ್ಯಾನೇಜರಿಗೆ ಬರೆದರೆ ‘ನಾನೇ ದೊಡ್ಡ ಪೀಡೆ’ ಎಂದು ಒಪ್ಪಿಕೊಂಡಂತಾಗುತ್ತದೆ. ‘ಐ ಆಮ್ ಇರಿಟೇಟೆಡ್’ ಅಂದರೆ ನನಗೆ ಕಿರಿಕಿರಿಯಾಗಿದೆ. ‘ದಿ ನಾಯ್ಸ್ ಈಸ್ ಇರಿಟೇಟಿಂಗ್’ ಅಂದರೆ ಆ ಸದ್ದು ಕಿರಿಕಿರಿ ಮಾಡುತ್ತಿದೆ. ಇರ್ಕ್‌ಸಮ್, ಟ್ರಬಲ್‌ಸಮ್, ಬಾದರ್‌ಸಮ್ ಎಂಬಲ್ಲಿನ ‘ಸಮ್’ ಕೂಡ ಸಂಗತಿಯನ್ನೇ ಬೆರಳು ಮಾಡಿ ತೋರಿಸುವ ಬಾಲ. ‘ಆಂಗ್ರಿ’ ಮಾತ್ರ ಈ ಲೆಕ್ಕಕ್ಕೆ ಸಿಗದು, ಅದು ನೇರವಾಗಿ ಸಿಟ್ಟಾದವರಿಗೆ ಸೇರಿದ ಪದ.

‘ಆಂಗ್ರಿ’ಯ ಪಕ್ಕದ ಪುಟ್ಟ ಪದವೂ ಕೈ ಕೊಡುತ್ತದೆ. ನಾವು ‘ಹಿ ಈಸ್ ಆಂಗ್ರಿ ಆನ್ ಮೀ’ ಅನ್ನುತ್ತೇವೆ. ತಪ್ಪಿನ ಮೂಲ ಸುಲಭವಾಗಿ ಕಾಣುತ್ತದೆ: ಕನ್ನಡದಲ್ಲಿ ಸಿಟ್ಟು ಯಾವಾಗಲೂ ಒಬ್ಬರ ‘ಮೇಲೆ’. ಇಂಗ್ಲಿಷಿನಲ್ಲಿ ವ್ಯಕ್ತಿಯಾದರೆ ‘ಆಂಗ್ರಿ ವಿತ್’ ಇಲ್ಲವೇ ‘ಆಂಗ್ರಿ ಅಟ್’, ಸಂಗತಿಯಾದರೆ ‘ಆಂಗ್ರಿ ಅಬೌಟ್’.

ಖಾರ ಎಷ್ಟು?

ಈ ಪದಗಳನ್ನು ಅಳೆಯಲು ಮೆಣಸಿನಕಾಯಿ ನೆನಪಿಡಿ. ಬ್ಯಾಡಗಿ ಕಡುಕೆಂಪು, ಖಾರ ಕಡಿಮೆ. ಗುಂಟೂರಿನದು ನೋಡಲು ಅಷ್ಟು ಕೆಂಪಿಲ್ಲ, ನಾಲಿಗೆಗೆ ಬಿದ್ದಾಗ ಗೊತ್ತಾಗುತ್ತದೆ. ಇಂಗ್ಲಿಷಿನ ಸಿಟ್ಟಿನ ಪದಗಳಲ್ಲೂ ಬಣ್ಣ ಬೇರೆ, ಖಾರ ಬೇರೆ. ಅಮೆರಿಕದವರ ‘ಮ್ಯಾಡ್’ ಕೇಳಲು ಹುಚ್ಚು ಅನಿಸಿದರೂ ಮಕ್ಕಳೂ ಆಡುವ ಸಾದಾ ಸಿಟ್ಟು. ಸರ್ಕಾರಿ ಪತ್ರದ ‘ಡಿಸ್‌ಪ್ಲೆಷರ್’ (ಅಸಮಾಧಾನ) ತಣ್ಣಗೆ ಕಾಣುತ್ತದೆ. ಆದರೆ ಮೇಲಧಿಕಾರಿಯ ಡಿಸ್‌ಪ್ಲೆಷರ್ ಕಡತದಲ್ಲಿ ದಾಖಲಾದರೆ ನೌಕರರ ನಿದ್ದೆ ಹಾರಿಹೋಗುತ್ತದೆ. ಸಂವಿಧಾನದ 156ನೇ ವಿಧಿಯ ಪ್ರಕಾರ ರಾಜ್ಯಪಾಲರು ಅಧಿಕಾರದಲ್ಲಿರುವುದು ರಾಷ್ಟ್ರಪತಿಗಳ ‘ಪ್ಲೆಷರ್’, ಅಂದರೆ ಇಚ್ಛೆ, ಇರುವವರೆಗೆ. ಆ ಮೆದು ಪದದ ಹಿಂದಿರುವ ಬಲ ಅಷ್ಟು.

ಕೋಲಾರದ ಎಪಿಎಂಸಿ ಮಂಡಿಗೆ ಟೊಮೆಟೊ ತಂದ ಒಬ್ಬ ರೈತರನ್ನು ಊಹಿಸಿಕೊಳ್ಳಿ. ಗೇಟಿನಲ್ಲಿ ಗಾಡಿ ಅರ್ಧ ಗಂಟೆ ನಿಂತಿತು. ಇದು ‘ಅನಾಯಿಂಗ್’: ಬೇಸರ, ಸಣ್ಣ ಸಿಟ್ಟು, ಗಾಡಿ ಹೊರಟರೆ ಮರೆತುಹೋಗುವಂಥದ್ದು. ಹಿಂದಿನವನು ಬಿಡದೆ ಹಾರ್ನ್ ಹೊಡೆಯುತ್ತಿದ್ದಾನೆ. ಇದು ‘ಇರಿಟೇಟಿಂಗ್’, ಮತ್ತೆ ಮತ್ತೆ ಇಂದ್ರಿಯಕ್ಕೆ ತಾಗುವ ಕಿರಿಕಿರಿಗೆ ಈ ಪದ ಚೆನ್ನಾಗಿ ಹೊಂದುತ್ತದೆ, ಡಾಕ್ಟರು ಚರ್ಮದ ಉರಿತುರಿಕೆಗೂ ಇದರ ನಾಮರೂಪವನ್ನೇ ಬಳಸುತ್ತಾರೆ. ದಲ್ಲಾಳಿಗೆ ಪ್ರತಿಸಲ ಫೋನ್ ಮಾಡಿದಾಗಲೂ ‘ಆಮೇಲೆ ಮಾಡ್ತೀನಿ ಅಣ್ಣ’ ಎಂಬ ಉತ್ತರ. ತಾಳ್ಮೆಯ ದಾರ ಹರಿಯಿತು ನೋಡಿ, ಅದು ‘ಎಕ್ಸಾಸ್ಪರೇಟಿಂಗ್’. ಒಂದೇ ಸಲ ನಡೆದದ್ದಕ್ಕೆ ಈ ಪದ ಅಷ್ಟಾಗಿ ಹೊಂದದು, ಹಿಂದೆ ಒಂದು ಸರಣಿ ಇರಬೇಕು. ಕೊನೆಗೆ 15 ಕೆಜಿ ಬಾಕ್ಸಿಗೆ ಹರಾಜಿನಲ್ಲಿ ಕೂಗಿದ ದರ ಒಂದು, ಕೈಗೆ ಬಂದ ಚೀಟಿಯಲ್ಲಿರುವುದು ಇನ್ನೊಂದು. ಈಗ ‘ಇನ್‌ಫ್ಯೂರಿಯೇಟಿಂಗ್’ ಅನ್ನಬಹುದು, ಕೆಂಡಾಮಂಡಲವಾಗುವ ಸಿಟ್ಟು. ಅದೇ ಮೋಸ ನೂರಾರು ರೈತರಿಗೂ ಆಗಿದೆ ಎಂದು ಗೊತ್ತಾದರೆ ‘ಔಟ್‌ರೇಜ್’. ಇಲ್ಲಿ ನನಗೆ ನಷ್ಟವಾಯಿತು ಎಂಬುದಕ್ಕಿಂತ ‘ಇದು ಸರಿಯಲ್ಲ, ಹೀಗಾಗಕೂಡದು’ ಎಂಬ ನ್ಯಾಯದ ಸಿಟ್ಟು ಮುಂದೆ ಬರುತ್ತದೆ. ನಮ್ಮ ಪತ್ರಿಕೆಗಳ ‘ಆಕ್ರೋಶ’ ಇದಕ್ಕೆ ಹತ್ತಿರ.

ಇನ್ನೆರಡು ಪದಗಳನ್ನು ಬೇರೆಯಾಗಿ ನೋಡಬೇಕು. ಪಹಣಿ ತೆಗೆಸಲು ಹೋದಾಗ ‘ಸರ್ವರ್ ಡೌನ್’ ಅಂದರೆ ಅದು ‘ಫ್ರಸ್ಟ್ರೇಟಿಂಗ್’. ಲ್ಯಾಟಿನ್‌ನಲ್ಲಿ ಫ್ರುಸ್ತ್ರಾ ಅಂದರೆ ‘ವ್ಯರ್ಥವಾಗಿ’. ಮಾಡಹೊರಟ ಕೆಲಸಕ್ಕೆ ಅಡ್ಡಿ ಬಂದು ಪ್ರಯತ್ನ ನೀರಿನಲ್ಲಿ ಹೋಮವಾದಾಗ ಆಗುವ ಸಂಕಟ ಇದು. ಗುರಿಯೇ ಇಲ್ಲದ ಕಡೆ ಫ್ರಸ್ಟ್ರೇಷನ್ ಇರುವುದಿಲ್ಲ. ‘ಪ್ರೊವೋಕ್’ ಎಂಬಲ್ಲಿ ಸಾಮಾನ್ಯವಾಗಿ ಉದ್ದೇಶದ ವಾಸನೆ ಇರುತ್ತದೆ: ಬೇಕೆಂದೇ ಕೆಣಕುವುದು. ಸೊಳ್ಳೆ ನಮ್ಮನ್ನು ಅನಾಯ್ ಮಾಡುತ್ತದೆ. ಸೊಳ್ಳೆ ಪ್ರೊವೋಕ್ ಮಾಡಿತು ಎಂದರೆ ಅದಕ್ಕೆ ನಮ್ಮ ಮೇಲೆ ಹಗೆಯಿದೆ ಎಂದು ಹೇಳಿದಂತೆ. ದೂರು ಬರೆಯುವವರಿಗೆ ಈ ಭೇದ ತುಂಬಾ ಮುಖ್ಯ, ಕಾನೂನಿನ ಭಾಗದಲ್ಲಿ ಮತ್ತೆ ಇದು ಬರುತ್ತದೆ.

‘ಅಗ್ರವೇಟ್’ ಬಗ್ಗೆ ಇಂಗ್ಲಿಷಿನವರಲ್ಲೇ ಜಗಳವಿದೆ. ಮೂಲ ಅರ್ಥ ಭಾರ ಹೆಚ್ಚಿಸು, ಇದ್ದ ಕಷ್ಟವನ್ನು ಉಲ್ಬಣಿಸು ಎಂದು. ಆಡುಮಾತಿನಲ್ಲಿ ‘ರೇಗಿಸು’ ಎಂಬ ಅರ್ಥವೂ ನೂರಾರು ವರ್ಷಗಳಿಂದ ಇದೆ. ಆದರೂ ಕೆಲವು ಪಂಡಿತರು ಅದನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕುತ್ತಾರೆ. ಅರ್ಜಿಯಲ್ಲಿ ಮೊದಲ ಅರ್ಥಕ್ಕೆ ಮಾತ್ರ ಇಟ್ಟುಕೊಂಡರೆ ತಕರಾರಿಲ್ಲ.

ಬೇರು ಹಿಡಿದು ಹೋದರೆ

ಇಷ್ಟೊಂದು ಪದ ಯಾಕೆ ಎಂಬುದಕ್ಕೆ ಉತ್ತರ ಇಂಗ್ಲಿಷಿನ ಇತಿಹಾಸದಲ್ಲಿದೆ. ಹಳೆಯ ಜರ್ಮಾನಿಕ್ ಮಾತಿನ ಮೇಲೆ ಉತ್ತರದ ನಾರ್ಸ್ ಜನರ ಪದಗಳು ಬಂದವು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಬಂತು, ವಿದ್ವಾಂಸರು ನೇರವಾಗಿ ಲ್ಯಾಟಿನ್ ತಂದರು. ‘ರ‍್ಯಾತ್’ ಹಳೆಯ ಇಂಗ್ಲಿಷಿನದು, ‘ಆಂಗರ್’ ನಾರ್ಸ್‌ನದು, ‘ರೇಜ್’ ಫ್ರೆಂಚಿನ ಮೂಲಕ ಬಂದದ್ದು. ನಮ್ಮಲ್ಲಿ ಸಿಟ್ಟು, ಮುನಿಸುಗಳ ಪಕ್ಕ ಸಂಸ್ಕೃತದ ಕೋಪ, ಕ್ರೋಧಗಳು ಕೂತು, ಆಮೇಲೆ ‘ಗರಂ’ ಕೂಡ ಸೇರಿಕೊಂಡ ಹಾಗೆಯೇ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ‘ಆಂಗರ್’ ಪದದ ಹುಟ್ಟು. ನಾರ್ಸ್ ಮೂಲದಲ್ಲಿ ಅದರ ಅರ್ಥ ದುಃಖ, ಸಂಕಟ. ಸಿಟ್ಟೆಂಬ ಅರ್ಥ ಆಮೇಲೆ ಬೆಳೆಯಿತು. ‘ಅನಾಯ್’ ಲ್ಯಾಟಿನ್ನಿನ ‘ಇನ್ ಓದಿಯೋ’ದಿಂದ ಬಂದದ್ದು, ಅಂದರೆ ಹಗೆಯಲ್ಲಿರುವುದು. ಒಂದು ಕಾಲದ ಹಗೆ ಈಗ ಸಣ್ಣ ಕಿರಿಕಿರಿಗೆ ಇಳಿದಿದೆ. ಫ್ರೆಂಚಿನಲ್ಲಿ ಬೇಸರವನ್ನು ಸೂಚಿಸುವ ‘ಆನ್ವೀ’ ಇದರ ದಾಯಾದಿ.

‘ಎಕ್ಸಾಸ್ಪರೇಟ್’ ಒಳಗಿರುವ ‘ಆಸ್ಪೆರ್’ ಅಂದರೆ ಒರಟು. ‘ವೆಕ್ಸ್’ ಅಂದರೆ ಅಲುಗಾಡಿಸುವುದು. ‘ರೈಲ್’ ಎಂಬ ಪದ ನೀರನ್ನು ಕಲಕಿ ರಾಡಿ ಎಬ್ಬಿಸುವುದರಿಂದ ಬಂತು. ‘ನೆಟಲ್’ ಅಂದರೆ ಮುಟ್ಟಿದರೆ ತುರಿಕೆ ಬರಿಸುವ ಗಿಡ. ಅದೇ ಪದ ಕ್ರಿಯೆಯಾಗಿ ‘ಚುಚ್ಚಿ ಸಿಟ್ಟು ಬರಿಸು’ ಆಗಿದೆ. ‘ಗಾಲಿಂಗ್’ ಎಂಬುದರ ಹಿಂದೆ ಉಜ್ಜಿ ಉಜ್ಜಿ ಚರ್ಮದ ಮೇಲೆ ಆಗುವ ಹುಣ್ಣಿದೆ, ಜೀನು ಒತ್ತಿ ಕುದುರೆಯ ಮೈಗೆ ಆಗುತ್ತದಲ್ಲ, ಅಂಥದ್ದು. ‘ರೇಜ್’ ಮತ್ತು ನಾಯಿ ಕಡಿತದಿಂದ ಬರುವ ‘ರೇಬೀಸ್’ ಎರಡೂ ಒಂದೇ ಲ್ಯಾಟಿನ್ ಬೇರಿನ ಚಿಗುರುಗಳು. ಸಿಡುಕು ಸ್ವಭಾವದವರನ್ನು ‘ಕಾಲರಿಕ್’ ಅನ್ನುವುದು ಪಿತ್ತ ಎಂಬರ್ಥದ ಗ್ರೀಕ್ ಪದದಿಂದ. ಮೈಯಲ್ಲಿ ಪಿತ್ತ ಹೆಚ್ಚಾದರೆ ಸಿಟ್ಟು ಹೆಚ್ಚು ಎಂದು ಹಳೆಯ ಗ್ರೀಕ್ ವೈದ್ಯರೂ ನಂಬಿದ್ದರು. ‘ಪಿತ್ತ ನೆತ್ತಿಗೇರಿತು’ ಎನ್ನುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

‘ಔಟ್‌ರೇಜ್’ ಮಾತ್ರ ಕಣ್ಣಿಗೆ ಮಣ್ಣೆರಚುತ್ತದೆ. ನೋಡಿದರೆ ‘ಔಟ್’ ಮತ್ತು ‘ರೇಜ್’ ಸೇರಿದಂತಿದೆ. ಹಾಗಲ್ಲ, ಅದು ‘ಆಚೆ’ ಎಂಬ ಅರ್ಥದ ಫ್ರೆಂಚ್ ಪದಕ್ಕೆ ಒಂದು ಪ್ರತ್ಯಯ ಸೇರಿ ಆದದ್ದು: ಎಲ್ಲೆ ಮೀರಿದ ಕೃತ್ಯ.

ಸಂಗತಿಗೇ ಇಟ್ಟ ಹೆಸರು

ಸಿಟ್ಟು ಬರಿಸುವ ವಸ್ತುವನ್ನು ನೇರವಾಗಿ ಹೆಸರು ಹಿಡಿದು ಕರೆಯುವ ನಾಮಪದಗಳೂ ಇವೆ. ‘ಐಸೋರ್’ ಅಂದರೆ ಕಣ್ಣಿಗೆ ಹುಣ್ಣು. ರಸ್ತೆ ಬದಿಯ ಕಸದ ರಾಶಿ, ಅರ್ಧಕ್ಕೆ ನಿಂತು ಪಾಚಿ ಕಟ್ಟಿದ ಕಟ್ಟಡ ಇಂಥವು. ‘ಪೆಟ್ ಪೀವ್’ ಅಮೆರಿಕದ ಹುಟ್ಟು: ಬೇರೆಯವರಿಗೆ ಏನೂ ಅನಿಸದ, ಆದರೆ ನಮಗೆ ಮಾತ್ರ ಮೈ ಉರಿಸುವ ಸಣ್ಣ ವಿಷಯ. ಕೆಲವರಿಗೆ ಚಹಾ ಸೊರ್ ಎಂದು ಕುಡಿಯುವ ಸದ್ದು, ಕೆಲವರಿಗೆ ಬಸ್ಸಿನಲ್ಲಿ ಸ್ಪೀಕರ್ ಹಾಕಿ ನೋಡುವ ರೀಲ್ಸ್. ಇದನ್ನು ಆಫೀಸಿನ ದೂರಿನಲ್ಲಿ ಬಳಸಬಾರದು, ಹರಟೆಯ ಪದ ಅದು. ‘ಬಗ್‌ಬೇರ್’ ಮೊದಲು ಮಕ್ಕಳನ್ನು ಹೆದರಿಸುವ ಗುಮ್ಮ ಆಗಿತ್ತು, ಈಗ ಪದೇ ಪದೇ ಕಾಡುವ ಕಿರಿಕಿರಿ. ಗೂಳಿಯ ಮುಂದೆ ಕೆಂಪು ಬಟ್ಟೆ ಎಂಬ ಅರ್ಥದ ಮಾತೂ ಇದೆ. ನಿಜದಲ್ಲಿ ಗೂಳಿಗೆ ಕೆಂಪು ಸರಿಯಾಗಿ ಕಾಣುವುದೇ ಇಲ್ಲ, ಅದು ರೇಗುವುದು ಬಟ್ಟೆಯ ಅಲುಗಾಟಕ್ಕೆ.

ಇವುಗಳ ನಡುವೆ ಬಿಳಿ ಅಂಗಿ ಹಾಕಿಕೊಂಡ ಪದವೆಂದರೆ ‘ಗ್ರೀವನ್ಸ್’, ಸರ್ಕಾರದ ಕನ್ನಡದಲ್ಲಿ ಕುಂದುಕೊರತೆ. ಸಿಟ್ಟಿನ ಬಣ್ಣವನ್ನು ಪೂರಾ ತೆಗೆದು, ಪರಿಹಾರ ಕೇಳುವ ಹಕ್ಕನ್ನು ಮಾತ್ರ ಉಳಿಸಿಕೊಂಡ ಪದ ಇದು.

ಕಾನೂನಿನ ಕಾಗದದಲ್ಲಿ

ಪದದ ತೂಕ ತಪ್ಪಿದರೆ ಕಷ್ಟ ಆಗುವುದು ಇಲ್ಲಿ. 2024ರ ಜುಲೈ 1ರಿಂದ ಐಪಿಸಿ ಬದಲು ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಸೆಕ್ಷನ್ ಸಂಖ್ಯೆ ಬದಲಾದರೂ ಸಿಟ್ಟಿನ ಹಳೆಯ ಪದಗಳು ಅಲ್ಲೇ ಇವೆ.

‘ನ್ಯೂಸೆನ್ಸ್’ ಎಂಬುದು ಹಾನಿ ಎಂಬ ಅರ್ಥದ ಲ್ಯಾಟಿನ್ ಬೇರಿನಿಂದ ಬಂದದ್ದು. ಸೆಕ್ಷನ್ 270ರ ಪ್ರಕಾರ ಸಾರ್ವಜನಿಕರಿಗೆ ಅಥವಾ ಸುತ್ತಮುತ್ತಲ ಜನರಿಗೆ ಸಾಮಾನ್ಯವಾಗಿ ಹಾನಿ, ಅಪಾಯ ಅಥವಾ ‘ಅನಾಯನ್ಸ್’ ಉಂಟುಮಾಡುವುದು ಪಬ್ಲಿಕ್ ನ್ಯೂಸೆನ್ಸ್. ಎದುರು ಮನೆಯವರು ನಮ್ಮ ಗೋಡೆಗೆ ಬಟ್ಟೆ ಒಣಹಾಕಿದರೆ ಅದು ಬಾಯಿಮಾತಿನ ನ್ಯೂಸೆನ್ಸ್. ಮೋರಿ ಕಟ್ಟಿಕೊಂಡು ಇಡೀ ಬೀದಿ ನಾರಿದರೆ ಕಾನೂನಿನ ನ್ಯೂಸೆನ್ಸ್. ಅದನ್ನು ತೆಗೆಸಲು ಉಪವಿಭಾಗಾಧಿಕಾರಿ ಆದೇಶ ಕೊಡಬಹುದು, ಕ್ರಿಮಿನಲ್ ಪ್ರಕ್ರಿಯೆಯ ಹೊಸ ಕಾನೂನಾದ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಸೆಕ್ಷನ್ ಇರುವುದು ಅದಕ್ಕೇ. ಕುಡಿದು ಸಾರ್ವಜನಿಕ ಸ್ಥಳದಲ್ಲಿ ಇನ್ನೊಬ್ಬರಿಗೆ ‘ಅನಾಯನ್ಸ್’ ಕೊಟ್ಟರೆ ಸೆಕ್ಷನ್ 355: 24 ಗಂಟೆವರೆಗೆ ಸಾದಾ ಸಜೆ ಅಥವಾ 1,000 ರೂಪಾಯಿವರೆಗೆ ದಂಡ ಅಥವಾ ಎರಡೂ, ಇಲ್ಲವೇ ಸಮುದಾಯ ಸೇವೆ.

ಹಾಗಾದರೆ ಅನಾಯನ್ಸ್ ಅಂದರೆ ಎಷ್ಟು ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಸೆಕ್ಷನ್ ಆನ್‌ಲೈನ್‌ನಲ್ಲಿ ‘ಅನಾಯನ್ಸ್’, ‘ಇನ್‌ಕನ್ವೀನಿಯನ್ಸ್’ ಉಂಟುಮಾಡುವ ಕೆಲವು ಬಗೆಯ ಸಂದೇಶಗಳಿಗೂ ಮೂರು ವರ್ಷದವರೆಗೆ ಜೈಲು ಎಂದಿತ್ತು. 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ನ್ಯಾಯಾಲಯ ಆ ಸೆಕ್ಷನ್ನನ್ನೇ ರದ್ದು ಮಾಡಿತು. ಒಬ್ಬರಿಗೆ ಕಿರಿಕಿರಿಯಾದದ್ದು ಇನ್ನೊಬ್ಬರಿಗೆ ಆಗದಿರಬಹುದು, ಇಷ್ಟು ಮಸುಕಾದ ಪದಗಳ ಮೇಲೆ ಜನರನ್ನು ಜೈಲಿಗೆ ಕಳುಹಿಸಲಾಗದು ಎಂಬುದು ಅದರ ಒಂದು ಮುಖ್ಯ ಕಾರಣ. ನಿಘಂಟಿನ ಸಣ್ಣ ಪದವೊಂದು ಕಾಯ್ದೆಯ ಸೆಕ್ಷನ್ನನ್ನು ಬೀಳಿಸಿದ ಉದಾಹರಣೆ ನಮ್ಮಲ್ಲಿ ಅಪರೂಪ.

‘ಪ್ರೊವೊಕೇಷನ್’ ತೂಕದ ಪದ. ತೀವ್ರವಾಗಿ, ಹಠಾತ್ತಾಗಿ ಕೆಣಕಿದ್ದರಿಂದ ಸ್ಥಿಮಿತ ಕಳೆದುಕೊಂಡು ಕೊಂದರೆ ಅದು ಕೊಲೆಯ ಮಟ್ಟದಿಂದ ಕೆಳಗಿಳಿಯುವ ವಿನಾಯಿತಿ ಕಾನೂನಿನಲ್ಲಿದೆ. ಹೆಂಡತಿಯ ಸಂಬಂಧದ ವಿಷಯ ತಿಳಿದು ಆಕೆಯ ಪ್ರಿಯಕರನನ್ನು ಗುಂಡಿಟ್ಟು ಕೊಂದ ನೌಕಾಪಡೆ ಅಧಿಕಾರಿ ನಾನಾವತಿಯ ಪ್ರಸಿದ್ಧ ಪ್ರಕರಣದಲ್ಲಿ 1961ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒಪ್ಪಲಿಲ್ಲ. ವಿಷಯ ತಿಳಿದದ್ದಕ್ಕೂ ಗುಂಡು ಹಾರಿಸಿದ್ದಕ್ಕೂ ನಡುವೆ ಸಿಟ್ಟು ಇಳಿಯುವಷ್ಟು ಹೊತ್ತು ಸಿಕ್ಕಿತ್ತು ಎಂದಿತು.

ಕಾರ್ಖಾನೆಯಲ್ಲಿ ದುಡಿಯುವ ಹೆಣ್ಣುಮಕ್ಕಳು ಗೊತ್ತುಮಾಡಿಕೊಳ್ಳಲೇಬೇಕಾದ ಪದ ‘ಹರಾಸ್‌ಮೆಂಟ್’. ಮೇಲ್ವಿಚಾರಕ ಕೆಲಸ ಸರಿಯಿಲ್ಲವೆಂದು ಒಮ್ಮೆ ರೇಗಿದರೆ ಅದು ಹರಾಸ್‌ಮೆಂಟ್ ಆಗುವುದು ಕಷ್ಟ. ಇಷ್ಟವಿಲ್ಲದ ಲೈಂಗಿಕ ಮಾತು, ಸ್ಪರ್ಶ, ಸನ್ನೆ ಆದರೆ ಒಂದೇ ಸಲವಾದರೂ ಅದು ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಡಿ ಸೆಕ್ಷುಯಲ್ ಹರಾಸ್‌ಮೆಂಟ್. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು, ದೂರನ್ನು ಸಾಮಾನ್ಯವಾಗಿ ಮೂರು ತಿಂಗಳೊಳಗೆ ಬರಹದಲ್ಲಿ ಕೊಡಬೇಕು. ಇಂಥ ಕಡೆ ನಾಚಿಕೆಯಿಂದ ‘ಹಿ ಈಸ್ ಡಿಸ್ಟರ್ಬಿಂಗ್ ಮೀ’ ಎಂದು ಬರೆದರೆ ಓದಿದವರಿಗೆ ಮಿಷನ್ ಸದ್ದಿನ ದೂರೆಂದು ಅನಿಸಬಹುದು.

ರೇಜ್ ಬೇಟ್

‘ಬೇಟ್’ ಅಂದರೆ ಗಾಳಕ್ಕೆ ಸಿಕ್ಕಿಸುವ ಎರೆ. ನೋಡುವವರಿಗೆ ಸಿಟ್ಟು ಬರಲಿ ಎಂದೇ ಮಾಡಿದ ಆನ್‌ಲೈನ್ ಸರಕು ರೇಜ್ ಬೇಟ್. ಮುದ್ದೆಯನ್ನು ಅಗಿದು ತಿನ್ನಬೇಕು ಎಂದು ಗಂಭೀರ ಮುಖ ಮಾಡಿಕೊಂಡು ಹೇಳುವ ವಿಡಿಯೊ ಹಾಕಿ ನೋಡಿ, ಕೋಲಾರದ ಅರ್ಧ ಜನ ಕೆಳಗೆ ಬಂದು ಬೈದು ಹೋಗುತ್ತಾರೆ. ಆ ಬೈಗುಳವೇ ವಿಡಿಯೊ ಹಾಕಿದವರ ಫಸಲು. ಹೆಚ್ಚು ಕಾಮೆಂಟು ಬಂದ ವಿಡಿಯೊವನ್ನು ಆ್ಯಪ್ ಇನ್ನಷ್ಟು ಜನರಿಗೆ ತೋರಿಸುತ್ತದೆ, ಹೊಗಳಿದರೋ ಬೈದರೋ ಅದಕ್ಕೆ ಬೇಕಿಲ್ಲ.

ಈ ಪದ ಮೊದಲು ಕಾಣಿಸಿಕೊಂಡದ್ದು 2002ರಲ್ಲಿ. ಆಗ ಅದು ರಸ್ತೆಯ ಸಿಟ್ಟಿನ ಮಾತು: ಹಿಂದಿನವನು ದಾರಿ ಬಿಡು ಎಂದು ಲೈಟು ಮಿಣುಕಿಸಿದಾಗ ಮುಂದಿನ ಚಾಲಕನಿಗೆ ಏರುವ ಕೋಪದ ಬಗ್ಗೆ. ಅಲ್ಲಿಂದ ನಿಧಾನವಾಗಿ ಮೊಬೈಲಿಗೆ ದಾಟಿತು. ರೇಜ್ ಬೇಟ್ ಎಂಬ ಆರೋಪದಲ್ಲಿ ಉದ್ದೇಶ ಅಡಗಿದೆ ಎಂಬುದನ್ನು ಮರೆಯಬಾರದು. ನಮಗೆ ಒಪ್ಪಿಗೆಯಾಗದ್ದನ್ನು ಒಬ್ಬರು ಪ್ರಾಮಾಣಿಕವಾಗಿ ಹೇಳಿದರೆ ಅದು ರೇಜ್ ಬೇಟ್ ಅಲ್ಲ.

ದೂರು ಬರೆಯುವಾಗ

ಒಂದು ಮೇಲ್ ಹೀಗಿದೆ ಅನ್ನಿ: ‘ಸರ್, ಬಸ್ ಡ್ರೈವರ್ ಈಸ್ ಟಾರ್ಚರಿಂಗ್ ಅಸ್, ವೀ ಆರ್ ವೆರಿ ಇರಿಟೇಟಿಂಗ್.’ ಇದನ್ನು ಓದಿದ ಎಚ್‌ಆರ್‌ಗೆ ಡ್ರೈವರು ಹೊಡೆದನೋ ಬೈದನೋ ತಿಳಿಯದು. ನಡೆದದ್ದು ಇಷ್ಟೇ: ಬೆಳಗಿನ ಪಾಳಿಯ ಬಸ್ಸು ಬಂಗಾರಪೇಟೆ ಕಡೆಯಿಂದ ದಿನಾ ತಡವಾಗಿ ಬರುತ್ತಿದೆ, ಹಾಜರಿ ಕಟ್ ಆಗುತ್ತಿದೆ, ಹೇಳಿದರೂ ಸರಿಹೋಗಿಲ್ಲ.

ಇಲ್ಲಿ ಸಿಟ್ಟಿನ ಪದ ಒಂದೇ ಸಾಕು, ಅದು ಕೊನೆಯಲ್ಲಿ ಬಂದರೆ ಒಳ್ಳೆಯದು. ಮೊದಲು ಬಸ್ಸು ಯಾವ ಯಾವ ದಿನ ಎಷ್ಟು ತಡವಾಯಿತು, ಆಮೇಲೆ ಸಂಬಳದಲ್ಲಿ ಏನು ಕಡಿತವಾಯಿತು, ಯಾರಿಗೆ ಯಾವಾಗ ಹೇಳಿದಿರಿ ಎಂದು ಬರೆಯಿರಿ. ಅದರ ಕೆಳಗೆ ‘ದಿಸ್ ಈಸ್ ಫ್ರಸ್ಟ್ರೇಟಿಂಗ್’ ಎಂದು ಹಾಕಬಹುದು, ಏಕೆಂದರೆ ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಸೇರುವ ನಿಮ್ಮ ಪ್ರಯತ್ನಕ್ಕೆ ಅಡ್ಡಿಯಾಗಿದೆ. ಡ್ರೈವರು ಕೇಳಿದವರಿಗೆ ಕೆಟ್ಟದಾಗಿ ಬೈದಿದ್ದರೆ ‘ಅಬ್ಯೂಸಿವ್ ಲ್ಯಾಂಗ್ವೇಜ್’ ಎಂಬುದು ಬೇರೆಯೇ ಸಾಲು, ಬೇರೆಯೇ ದೂರು. ಆಡಿದ ಮಾತನ್ನು ಇದ್ದ ಹಾಗೆ ಕನ್ನಡದಲ್ಲೇ ಉದ್ಧರಣ ಚಿಹ್ನೆಯೊಳಗೆ ಬರೆದರೆ ಇನ್ನೂ ಮೇಲು. ಬೈಗುಳವನ್ನು ಭಾಷಾಂತರಿಸಲು ಹೋದರೆ ಅದರ ಖಾರ ಎಲ್ಲೋ ಸೋರಿಹೋಗುತ್ತದೆ, ಎಚ್‌ಆರ್‌ನಲ್ಲಿ ಕನ್ನಡ ಓದುವವರು ಒಬ್ಬರಾದರೂ ಇರುತ್ತಾರೆ.